ಮಾರ್ಚಿನಲ್ಲಿ ಇಬ್ಬರಿಗೂ ರಜೆ ಇಲ್ಲ

ಕಾಫಿ ಕುಯ್ಲು ಹತ್ತಿರ ಬಂತು ಅಂದರೆ ಕೊಡಗಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು: "ಒಂದು ಜೋಡಿ ಸಿಗಬಹುದಾ?" ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ, ಗೊಬ್ಬರದ ಅಂಗಡಿಯಲ್ಲಿ ಕೇಳುತ್ತಾರೆ, ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಕೂಡ ಕೇಳುತ್ತಾರೆ. ಜೋಡಿ ಅಂದರೆ ತೋಟದ ಕೆಲಸಕ್ಕೆ ಬರುವ ಗಂಡ ಹೆಂಡತಿ. ಹಿಂದೆ ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ, ತಮಿಳುನಾಡಿನಿಂದ ಬರುತ್ತಿದ್ದರು. ಈಗ ಅಸ್ಸಾಂ, ಜಾರ್ಖಂಡ್, ಬಿಹಾರದವರೂ ಬರುತ್ತಾರೆ. ಬಂದವರಿಗೆ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆಂದು ತೋಟದಲ್ಲೇ ಸಾಲಾಗಿ ಕಟ್ಟಿದ ಮನೆಯಲ್ಲಿ, ಜಾಗ, ನೀರು, ಸೌದೆ. ಗಂಡನಿಗೆ ಈ ತೋಟದಲ್ಲಿ ಕೆಲಸ, ಹೆಂಡತಿಗೆ ಮುನ್ನೂರು ಕಿಲೋಮೀಟರ್ ಆಚೆ ಕೆಲಸ ಅಂದರೆ ಇಬ್ಬರೂ ನಿಲ್ಲುವುದಿಲ್ಲ. ಇದು ತೋಟದಲ್ಲಿ ಆಳುಗಳ ಲೆಕ್ಕ ನೋಡುವ ರೈಟರಿಗೂ ಗೊತ್ತು.

ಲೈನ್ ಮನೆಯ ಬದುಕು ಸುಖದ್ದು ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಕೂಸನ್ನು ಎತ್ತಿಕೊಂಡು ತಿರುಗುವುದು ಏಳೆಂಟು ವರ್ಷದ ಅಕ್ಕ. 50 ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಎಂದು 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿ ಬಹುಪಾಲು ತೋಟಗಳು ಸಣ್ಣವು, ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆದರೂ ಒಂದು ವಿಷಯವನ್ನು ತೋಟದವರು ಒಪ್ಪಿಕೊಂಡಿದ್ದಾರೆ. ಇಬ್ಬರೂ ದುಡಿಯಬೇಕಾದರೆ ಇಬ್ಬರೂ ಒಂದೇ ಕಡೆ ಇರಬೇಕು. ಓದಿ, ಪರೀಕ್ಷೆ ಬರೆದು, ತಿಂಗಳ ಸಂಬಳಕ್ಕೆ ಸೇರಿದ ನಮ್ಮಂಥವರ ವಿಷಯಕ್ಕೆ ಬಂದಾಗ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ನನ್ನ ತವರು ಶನಿವಾರಸಂತೆ ಕಡೆ. ಅತ್ತೆ ಮನೆ ಐಗೂರು ಹತ್ತಿರ. ನಾವು ಇರುವುದು ಕುಶಾಲನಗರದಲ್ಲಿ. ನಾನು ಒಂದು ಬ್ಯಾಂಕಿನಲ್ಲಿ ಆಫೀಸರ್, ದಿನಾ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ಬರುತ್ತೇನೆ. ಇವರು, ಅಂದರೆ ನನ್ನ ಗಂಡ, ಕಾಫಿ ಕ್ಯೂರಿಂಗ್‌ನಲ್ಲಿ ಕ್ವಾಲಿಟಿ ನೋಡುವವರು. ಕ್ಯೂರಿಂಗ್ ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಮಾರಾಟಕ್ಕೆ ಸಿದ್ಧ ಮಾಡುವುದು. ತೋಟದಿಂದ ಬಂದ ಪಾರ್ಚ್‌ಮೆಂಟ್, ಚೆರ್ರಿಯ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ) ತೇವ ಅಳೆಯುವುದು, ಸಿಪ್ಪೆ ತೆಗೆದ ಮೇಲೆ ಗ್ರೇಡ್ ಮಾಡಿಸುವುದು, ಕುಡಿದು ರುಚಿ ನೋಡುವುದು ಇವರ ಕೆಲಸ. ಇದಕ್ಕಾಗಿ ಓದಿದ್ದಾರೆ, ಇಷ್ಟಪಟ್ಟು ಮಾಡುತ್ತಾರೆ. ನನಗೂ ನನ್ನ ಕೆಲಸ ಇಷ್ಟ. ಈ ಮಾತನ್ನು ಹೆಂಗಸರು ಹೇಳಿದರೆ ಯಾಕೋ ಮನೆಯ ಕಷ್ಟಕ್ಕೆ ದುಡಿಯುತ್ತಿದ್ದೇನೆ ಎಂದು ಸೇರಿಸಬೇಕು ಅನ್ನಿಸುತ್ತದೆ. ನಾನು ಸೇರಿಸುವುದಿಲ್ಲ.

ನಮ್ಮ ತೊಂದರೆಯ ಹೆಸರು ಮಾರ್ಚ್ ತಿಂಗಳು.

ಬ್ಯಾಂಕಿಗೆ ಮಾರ್ಚ್ 31 ಅಂದರೆ ವರ್ಷದ ಲೆಕ್ಕ ಮುಗಿಸುವ ದಿನ. ಬೆಳೆಗಾರರು ಕಾಫಿ, ಕರಿಮೆಣಸು ಮಾರಿದ ದುಡ್ಡು ತಂದು ಸಾಲ ಕಟ್ಟಿ ರಿನ್ಯೂವಲ್ ಮಾಡಿಸಿಕೊಳ್ಳುವುದೂ ಆ ದಿನಗಳಲ್ಲೇ ಜಾಸ್ತಿ. ಅತ್ತ ಕಾಫಿಯ ಎರಡು ಜಾತಿಗಳಲ್ಲಿ ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲು ಕೊನೆಗೆ ಬಂದಿರುತ್ತದೆ. ಕ್ಯೂರಿಂಗ್ ಗೇಟಿನ ಮುಂದೆ ಲಾರಿ ಸಾಲು. ಇವರು ಮನೆಗೆ ಬರುವ ಹೊತ್ತಿಗೆ ಮಗಳು ಮಲಗಿರುತ್ತಾಳೆ, ನಾನು ಬರುವ ಹೊತ್ತಿಗೆ ಅವಳು ಹೋಂವರ್ಕ್ ಮುಂದೆ ತೂಕಡಿಸುತ್ತಿರುತ್ತಾಳೆ. ಅವಳ ಪರೀಕ್ಷೆಯೂ ಆಗಲೇ. ಅದರ ಮೇಲೆ ಕಾಫಿ ಹೂ ಅರಳಿಸುವ ಹೂ ಮಳೆ ಬಾರದಿದ್ದರೆ ಐಗೂರಿನಲ್ಲಿ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಅದಕ್ಕೂ ಇವರೇ ಓಡಬೇಕು. ಕಾಫಿ ರುಚಿ ನೋಡುವ ದಿನ ಇವರು ಬೆಳಿಗ್ಗೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹಾಗಾಗಿ ಮಾರ್ಚ್ ತುಂಬ ನಮ್ಮ ಮನೆಯ ತಿಂಡಿ ಸಪ್ಪೆ. ಮಾಡುವವರೂ ಇವರೇ ಆದ್ದರಿಂದ ನಾನು ದೂರು ಹೇಳುವ ಹಾಗಿಲ್ಲ.

ದುಡಿಯುವ ಗಂಡ ಹೆಂಡತಿಗೆ ಕೊಡುವ ಬುದ್ಧಿಮಾತುಗಳಲ್ಲಿ 'ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಿ' ಅನ್ನುವುದು ಎಲ್ಲದರಲ್ಲೂ ಇರುತ್ತದೆ. ನಾವು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದೇವೆ. ಮಾರ್ಚ್ 28ಕ್ಕೆ ಮಗುವಿಗೆ ಜ್ವರ ಬಂದರೆ ಆ ಅರ್ಥ ಎಲ್ಲಿಗೆ ಸಾಕಾಗುತ್ತದೆ? ಆಗ ಬೇಕಿರುವುದು ಮನೆಯಲ್ಲಿ ಒಬ್ಬ ಮನುಷ್ಯ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ.

ಇನ್ನು ಮಳೆಗಾಲ. ಜೂನ್‌ನಿಂದ ಇಲ್ಲಿನ ತಾಯಂದಿರು ಬೆಳಿಗ್ಗೆ ಎದ್ದ ತಕ್ಷಣ ನೋಡುವುದು ಆಕಾಶವನ್ನಲ್ಲ, ಫೋನನ್ನು. ಜಿಲ್ಲಾಧಿಕಾರಿಗಳು ರಜೆ ಕೊಟ್ಟರಾ? ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿ ರಸ್ತೆ ಮೇಲೆ ನೀರು ಬಂದಿರುತ್ತದೆ, ಕುಶಾಲನಗರದಲ್ಲಿ ಬಟ್ಟೆ ಒಣಗುವಷ್ಟು ಬಿಸಿಲಿರುತ್ತದೆ. ರಜೆ ಮಾತ್ರ ಜಿಲ್ಲೆಗೆಲ್ಲ. ಕೊಡುವುದು ಸರಿಯೇ. ಗುಡ್ಡದ ಬರೆ ಜರಿಯುವ, ಮರ ಬೀಳುವ ದಾರಿಯಲ್ಲಿ ಮಕ್ಕಳನ್ನು ಕಳಿಸು ಎಂದು ಯಾರು ಹೇಳುತ್ತಾರೆ? ಆದರೆ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ರಜೆ ಸಿಕ್ಕ ದಿನ ಬ್ಯಾಂಕಿಗೆ ರಜೆ ಇಲ್ಲ, ಆಸ್ಪತ್ರೆಗೆ ಇಲ್ಲ, ಅಂಗಡಿಗೆ ಇಲ್ಲ. ಆಮೇಲೆ ಆ ರಜೆಯನ್ನೆಲ್ಲ ಸರಿಹೊಂದಿಸಲು ಶನಿವಾರ ಪೂರ್ತಿ ದಿನ ಶಾಲೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಮಗು ಮನೆಯಲ್ಲಿದ್ದ ದಿನ ನಾನಿಲ್ಲ, ನಾನಿದ್ದ ದಿನ ಮಗು ಇಲ್ಲ.

ರಜೆಯ ಮೆಸೇಜು ಬರುವುದು ಅಮ್ಮಂದಿರ ವಾಟ್ಸಾಪ್ ಗುಂಪಿಗೆ. ಅಪ್ಪಂದಿರ ಗುಂಪು ಇಲ್ಲ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಮೊದಲು, ತುರ್ತಿಗೆ ಕರೆಯುವ ಫೋನ್ ನಂಬರ್ ಮಾತ್ರ ತಾಯಿಯದು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಫೋನ್ ಯಾರಿಗೆ ಬರುತ್ತದೋ ರಜೆ ಹಾಕುವವರು ಅವರೇ.

ಇಬ್ಬರೂ ದುಡಿಯುವ ಮನೆಗಳಲ್ಲಿ ನಾನು ನೋಡಿದ್ದು ಇದನ್ನೇ. ಯಾರ ಕೆಲಸ ಬಿಡುವಂಥದ್ದು, ಯಾರದ್ದು ಬಿಡಬಾರದ್ದು ಎನ್ನುವುದು ಮಾತಾಡದೆಯೇ ತೀರ್ಮಾನ ಆಗಿರುತ್ತದೆ. ಹೆಂಡತಿಯ ಸಂಬಳ ಕಡಿಮೆ ಇದ್ದರೆ, "ಹೇಗಿದ್ದರೂ ನಿನ್ನದು ಕಡಿಮೆ, ನೀನೇ ರಜೆ ಹಾಕು." ಜಾಸ್ತಿ ಇದ್ದರೆ, "ನಿನ್ನದು ಗಟ್ಟಿ ಕೆಲಸ, ರಜೆ ಸಿಗುತ್ತೆ. ನನ್ನದು ಖಾಸಗಿ, ಕಳೆದುಕೊಂಡರೆ ಹೋಯಿತು." ಹೆಂಡತಿಯದು ಖಾಸಗಿ, ಗಂಡನದು ಸರ್ಕಾರಿ ಆಗಿದ್ದರೆ, "ನಿನ್ನ ಖಾಸಗಿ ಕೆಲಸ ಇನ್ನೊಂದು ಸಿಗುತ್ತೆ ಬಿಡು." ಕಾರಣ ಮನೆಮನೆಗೂ ಬದಲಾಗುತ್ತದೆ. ಮನೆಯಲ್ಲಿ ಉಳಿಯುವವರು ಬದಲಾಗುವುದಿಲ್ಲ. ನಮ್ಮ ಮನೆಯಲ್ಲಿ ನಡೆದದ್ದು ಎರಡನೆಯದು. ಒಂದು ಮಳೆಗಾಲ ಪೂರ್ತಿ ಅದನ್ನು ಒಪ್ಪಿಕೊಂಡು ನಡೆದೆ, ಆಮೇಲೆ ಕೂತು ಜಗಳ ಆಡಿದೆ. ಜಗಳ ಒಳ್ಳೆಯದೇ ಆಯಿತು.

ಕೇಂದ್ರ ಸರ್ಕಾರದವರು ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡುತ್ತಾರೆ. 2019ರಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಅದು 289 ಮತ್ತು 88. ಇಬ್ಬರದ್ದೂ ಇಳಿದಿದೆ ನೋಡಿ. ಹೆಂಗಸರ ಹತ್ತು ನಿಮಿಷ ಉಳಿದದ್ದು ವಾಷಿಂಗ್ ಮಷೀನಿನಿಂದಲೋ ಏನೋ, ಗಂಡಂದಿರಿಂದ ಅಂತೂ ಅಲ್ಲ.

ಕಾನೂನಿನಲ್ಲಿ ನಮಗೆ ಏನೂ ಇಲ್ಲ ಅಂತಲ್ಲ. 2017ರಲ್ಲಿ ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿದರು. ಅದರ ಜೊತೆಗೇ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದರು. ಓದಲು ಚೆನ್ನಾಗಿದೆ. ಕೊಡಗಿನಲ್ಲಿ ಒಂದೇ ಸೂರಿನ ಕೆಳಗೆ 50 ಜನ ದುಡಿಯುವ ಜಾಗ ಎಷ್ಟಿವೆ? ನಮ್ಮಂಥ ಬ್ರಾಂಚಿನಲ್ಲಿ ಎಂಟು ಜನ ಇದ್ದರೆ ದೊಡ್ಡದು. ವಕೀಲರ ಆಫೀಸು, ಔಷಧಿ ಅಂಗಡಿ, ಹೋಂಸ್ಟೇ, ಸಣ್ಣ ಶಾಲೆ, ಎಲ್ಲವೂ ಹೀಗೇ. ಊರಿಗೊಂದು ಕೇಂದ್ರ, ಎಲ್ಲ ಕೆಲಸದವರ ಮಕ್ಕಳಿಗೂ ಅಂತ ಮಾಡಿದ್ದರೆ ಕುಶಾಲನಗರದಂಥ ಊರಿಗೆ ಉಪಯೋಗ ಆಗುತ್ತಿತ್ತು. ನರೇಗಾ ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರು ಮಾಡಿತಲ್ಲ, ಆ ದಾರಿ ಸರಿ ಅನ್ನಿಸುತ್ತದೆ. ಅದನ್ನೇ ಇನ್ನಷ್ಟು ಅಗಲ ಮಾಡಬೇಕು.

ರಾಜ್ಯ ಸರ್ಕಾರಿ ನೌಕರಿಯ ಹೆಂಗಸರಿಗೆ 2021ರಿಂದ ಮಕ್ಕಳ ಪಾಲನೆಗೆ ಒಟ್ಟು ಆರು ತಿಂಗಳ ರಜೆ ಇದೆ. ಗಂಡಸರಿಗೆ ಮಗು ಹುಟ್ಟಿದಾಗ 15 ದಿನ. ಖಾಸಗಿಯವರಿಗೆ ಅದನ್ನೂ ಕೊಡಲೇಬೇಕು ಅಂತಿಲ್ಲ. ತಾಯಿಗೆ ಸಿಗುವ ರಜೆಯನ್ನು ಕಡಿಮೆ ಮಾಡಿ ಅಂತ ನಾನು ಹೇಳಿದರೆ ನಮ್ಮ ಗುಂಪಿನವರೇ ಹೊಡೆಯುತ್ತಾರೆ. ಆದರೆ ಮಗುವಿನ ರಜೆಯೆಲ್ಲ ತಾಯಿಯ ಖಾತೆಗೇ ಬಿದ್ದರೆ ಅಪ್ಪನ ಮೇಲಧಿಕಾರಿ ಕೇಳುವುದೇನು? "ನಿಮ್ಮ ಮಿಸೆಸ್‌ಗೆ ರಜೆ ಇದೆಯಲ್ಲ?" ಇವರನ್ನು ಕೇಳಿದ್ದೂ ಅದನ್ನೇ.

ವರ್ಗಾವಣೆಯ ಕತೆ ಇನ್ನೂ ಬೇರೆ. ಇಬ್ಬರೂ ಸರ್ಕಾರಿ ಮೇಷ್ಟ್ರಾಗಿದ್ದರೆ ವರ್ಗಾವಣೆಯಲ್ಲಿ 'ಪತಿ-ಪತ್ನಿ ಪ್ರಕರಣ' ಎಂದು ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರ 2009ರಲ್ಲೇ ಗಂಡ ಹೆಂಡತಿಯನ್ನು ಆದಷ್ಟು ಒಂದೇ ಊರಿಗೆ ಹಾಕಿ ಎಂದು ಆದೇಶ ಹೊರಡಿಸಿದೆ. ಹೆಂಗಸರನ್ನು ಗಂಡ ಇರುವ ಊರಿನ ಹತ್ತಿರ ಹಾಕಿ ಎಂದು ಸರ್ಕಾರಿ ಬ್ಯಾಂಕುಗಳಿಗೆ 2014ರಲ್ಲಿ ಹೇಳಿತು. ಇವೆಲ್ಲ 'ಆದಷ್ಟು' ಅನ್ನುವ ಪದದ ಮೇಲೆ ನಿಂತಿವೆ. ಬಡ್ತಿ ಸಿಕ್ಕರೆ ಊರು ಬಿಡು ಎನ್ನುವುದು ಬಾಯಿಮಾತಿನ ಕಾನೂನು. ಹಾಗಾಗಿ ಆಫೀಸರ್ ದರ್ಜೆಯಲ್ಲಿ ಸ್ಕೇಲ್ ಒಂದರಿಂದ ಎರಡಕ್ಕೆ ಹೋಗುವ ಹೊತ್ತಿಗೆ ಎಷ್ಟೋ ಹೆಂಗಸರು ಹೆಸರೇ ಕೊಡುವುದಿಲ್ಲ. ನನ್ನ ಜೊತೆ ಸೇರಿದ ಗಂಡಸರು ಈಗ ಬ್ರಾಂಚ್ ಮ್ಯಾನೇಜರ್‌ಗಳು. ಅವರಿಗಿಂತ ಚುರುಕಾಗಿದ್ದ ಇಬ್ಬರು ಗೆಳತಿಯರು ಇನ್ನೂ ಅದೇ ಕೌಂಟರಿನಲ್ಲಿದ್ದಾರೆ. ಮೊದಲ ಸಲ ನಾನೂ ಹೆಸರು ಕೊಡಲಿಲ್ಲ. ಮಗಳು ಆಗ ತೀರಾ ಚಿಕ್ಕವಳು. ಆ ತೀರ್ಮಾನದ ಬಗ್ಗೆ ನನಗೆ ಬೇಜಾರಿಲ್ಲ.

ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇದ್ದು ಬಾಳುವುದು ಈ ಜಿಲ್ಲೆಗೆ ಹೊಸದೇನಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡು. ಸೇನೆಗೆ ಹೋದ ಗಂಡಸರ ಬಗ್ಗೆ ಮಾತಾಡಲು ನಮಗೆ ದಣಿವಿಲ್ಲ. ಅವರು ಫೀಲ್ಡ್ ಪೋಸ್ಟಿಂಗ್‌ನಲ್ಲಿದ್ದಾಗ ಇಲ್ಲಿ ತೋಟ ನಡೆಸಿದವರು ಯಾರು? ಮಳೆಗೆ ಮೊದಲು ಗಿಡಕ್ಕೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಿ, ನೆರಳಿನ ಮರದ ಕೊಂಬೆ ಕಡಿಸುವ ಮರಗಸಿ ಮಾಡಿಸಿ, ಕಣದಲ್ಲಿ ಕಾಫಿ ಒಣಗಿಸಿ, ವ್ಯಾಪಾರಿಯ ಜೊತೆ ರೇಟು ಎಳೆದಾಡಿ, ಮಕ್ಕಳನ್ನು ಓದಿಸಿದವರು? ಇಂಥವರು ಸಾಲಕ್ಕೆ ನನ್ನ ಟೇಬಲ್ಲಿಗೆ ಬರುತ್ತಾರೆ. ಎಕರೆಗೆ ಎಷ್ಟು ಮೂಟೆ, ಗೊಬ್ಬರಕ್ಕೆ ಎಷ್ಟು ಹೋಯಿತು, ಆಳಿಗೆ ಎಷ್ಟು ಕೊಟ್ಟೆ, ಎಲ್ಲ ಬಾಯಲ್ಲೇ ಲೆಕ್ಕ. ಪಹಣಿ ಮಾತ್ರ ಗಂಡನ ಹೆಸರಲ್ಲಿ, ಇಲ್ಲವೇ ಮಾವನ ಹೆಸರಲ್ಲಿ. ಫಾರಂನಲ್ಲಿ ಉದ್ಯೋಗ ಎಂಬಲ್ಲಿ ಅವರೇ 'ಗೃಹಿಣಿ' ಎಂದು ಬರೆಯುತ್ತಾರೆ. ಒಬ್ಬರಿಗೆ ನಾನು "ಅಕ್ಕ, ಕೃಷಿ ಅಂತ ಬರೀರಿ" ಎಂದೆ. ಅವರು ನಕ್ಕು, "ಬರೆಯಬಹುದಾ?" ಎಂದರು. ಇಂಥ ಮನೆಗಳಲ್ಲಿ ಇಬ್ಬರೂ ದುಡಿಯುವ ಕಾಲ ಹೊಸದಾಗಿ ಬಂದದ್ದಲ್ಲ. ಒಬ್ಬರ ದುಡಿಮೆಗೆ ರ್‍ಯಾಂಕು, ಪೆನ್ಷನ್ ಎರಡೂ ಇತ್ತು. ಇನ್ನೊಬ್ಬರ ದುಡಿಮೆಯನ್ನು ಮನೆ ನೋಡಿಕೊಳ್ಳುವುದು ಎಂದು ಕರೆದರು.

ಇಲ್ಲಿನ ನೆಲವೂ ಸ್ವಲ್ಪ ಹಟದ್ದು. ರೈಲಿಲ್ಲ. ಒಳಗಿನ ಊರುಗಳಿಗೆ ಕೊನೆ ಬಸ್ಸು ಸಂಜೆಯೇ ಹೋಗಿಬಿಡುತ್ತದೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಎಷ್ಟೋ ಕಡೆ ಓಡುವುದೇ ಖಾಸಗಿ ಬಸ್ಸು. ಸ್ಕೂಟರಿನಲ್ಲಿ ಹೋಗೋಣ ಅಂದರೆ ಸುಂಟಿಕೊಪ್ಪ, ಚೆಟ್ಟಳ್ಳಿ, ಸಿದ್ದಾಪುರ ಕಡೆ ಮುಸ್ಸಂಜೆಗೆ ಆನೆ. ಆರು ಗಂಟೆಯ ನಂತರದ ಮೀಟಿಂಗಿಗೆ ಆನೆಯ ಕಾರಣ ಹೇಳಿ ತಪ್ಪಿಸಿಕೊಂಡರೆ ಬೆಂಗಳೂರಿನ ಮೇಲಧಿಕಾರಿಗಳು ತಮಾಷೆ ಎಂದುಕೊಳ್ಳುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಡಿಕೇರಿಯಲ್ಲಿ ಮನೆ, ಸುಳ್ಯದಲ್ಲಿ ಕೆಲಸ ಇದ್ದವರಿಗೆ ಅದು ಸುದ್ದಿಯಾಗಿರಲಿಲ್ಲ, ಮನೆಯೇ ಎರಡಾಗಿ ಹೋಗಿತ್ತು. ಕೊರೊನಾ ಬಂದ ಮೇಲೆ ಕೆಲವರು ಕಂಪ್ಯೂಟರ್ ಕೆಲಸವನ್ನು ತೋಟಕ್ಕೇ ತಂದರು. ಕಣದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್, ಜುಲೈಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ. ಅವರಲ್ಲಿ ಹಲವರು ವಾಪಸ್ ಹೋದರು.

ಹಾಗಾದರೆ ನಮ್ಮನ್ನು ಇಷ್ಟು ದಿನ ನಡೆಸಿದ್ದು ಯಾರು? ಎಲ್ಲರ ಮನೆಯಲ್ಲೂ ಇರುವ ಉತ್ತರವೇ: ಅತ್ತೆ, ಇಲ್ಲವೇ ಅಮ್ಮ. ಕುಟುಂಬದ ಬೆಂಬಲ ಎಂದು ನಾವು ದೊಡ್ಡದಾಗಿ ಹೇಳುವುದು ಬಹಳ ಸಲ ಅರವತ್ತು ದಾಟಿದ ಒಬ್ಬ ಹೆಂಗಸಿನ ಮೊಣಕಾಲು ನೋವು. ನಮ್ಮ ಅತ್ತೆ ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. ಊರ ಮಕ್ಕಳನ್ನೆಲ್ಲ ಆಡಿಸಿ, ಉಣ್ಣಿಸಿ, ತೂಕ ನೋಡಿ ನಿವೃತ್ತಿಯಾದರು. ಇನ್ನು ಮನೆ, ಎರಡು ಎಕರೆ ತೋಟ, ಮೆಣಸಿನ ಬಳ್ಳಿ ಎಂದುಕೊಂಡಿದ್ದರು. ಅಷ್ಟರಲ್ಲಿ ನಾವು ಬ್ಯಾಗು ಹಿಡಿದು ಕರೆದುಕೊಂಡು ಬಂದೆವು. ಅವರು ಬೇಡ ಅನ್ನಲಿಲ್ಲ. ಬೇಡ ಅನ್ನುವ ಅವಕಾಶವನ್ನು ಅವರಿಗೆ ಯಾರು ಕೊಟ್ಟಿದ್ದರು? ಒಂದು ದಿನ ಕಾಫಿ ಲೋಟ ಕೈಗೆ ಕೊಡುತ್ತಾ ಅವರೇ ಹೇಳಿದರು, "ನಿಂಗೆ ಡ್ಯೂಟಿ ಮುಗಿದ್ರೆ ಮನೆ ಉಂಟು. ನಂಗೆ ಡ್ಯೂಟಿ ಮುಗಿದ್ಮೇಲೆ ಮತ್ತೆ ಅಂಗನವಾಡಿನೇ ಬಂತಲ್ಲ." ನಗುತ್ತಲೇ ಹೇಳಿದ್ದು. ಆದರೂ ಅವತ್ತೇ ಮೂವರೂ ಕೂತು ಮಾತಾಡಿದೆವು. ಈಗ ಅತ್ತೆ ಬರುವುದು ಅವರು ಹೇಳಿದ ತಿಂಗಳುಗಳಿಗೆ ಮಾತ್ರ. ಕುಯ್ಲಿನ ಹೊತ್ತಿಗೆ ಐಗೂರಿಗೆ ಹೋಗಲೇಬೇಕು. ಅವರ ಖರ್ಚಿಗೆಂದು ಪ್ರತಿ ತಿಂಗಳು ಅವರ ಖಾತೆಗೆ ದುಡ್ಡು ಹಾಕುತ್ತೇವೆ. ಮನೆಯವರಿಗೆ ದುಡ್ಡು ಕೊಡುವುದು ಅವಮಾನ ಎಂದು ನಮ್ಮ ಚಿಕ್ಕಮ್ಮ ಒಬ್ಬರು ಬೈದರು. ಅತ್ತೆಗೆ ಅವಮಾನ ಆದ ಹಾಗೆ ಕಾಣಲಿಲ್ಲ. ಆ ದುಡ್ಡಲ್ಲಿ ಹೊಸ ಮೆಣಸಿನ ಬಳ್ಳಿ ನೆಡಿಸಿದ್ದಾರೆ.

ಅತ್ತೆ ಇಲ್ಲದ ದಿನಗಳಿಗೆ ಪಕ್ಕದ ಬೀದಿಯ ಟೀಚರಮ್ಮ ಇದ್ದಾರೆ, ರಿಟೈರ್ ಆದವರು. ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳು ಅವರ ಮನೆಗೆ ಹೋಗುತ್ತವೆ. ಸಂಜೆಗೆ ಅವಲಕ್ಕಿಯೋ ಬಾಳೆಹಣ್ಣೋ ಕೊಟ್ಟು, ಮಗ್ಗಿ ಹೇಳಿಸಿ ಕೂರಿಸಿರುತ್ತಾರೆ. ಫೀಸು ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬೇಕು. ಇದರಲ್ಲಿ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು. ಕಾರಿನ ಕಂತಿಗೆ ಚೌಕಾಸಿ ಮಾಡದವರು ಮಗು ನೋಡಿಕೊಳ್ಳುವ ಹೆಂಗಸಿನ ಹತ್ತಿರ ಐನೂರಕ್ಕೆ ಚೌಕಾಸಿ ಮಾಡುತ್ತಾರೆ.

ಮಳೆ ರಜೆಗೆ ಬೀದಿಯ ನಾಲ್ಕು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ರಜೆ ಬಂದರೆ ಆ ದಿನ ಯಾರ ಸರದಿಯೋ ಅವರ ಮನೆಯಲ್ಲಿ ಎಲ್ಲ ಮಕ್ಕಳು. ಸರದಿಯ ಪಟ್ಟಿಯಲ್ಲಿ ಅಪ್ಪಂದಿರ ಹೆಸರೂ ಇರಬೇಕು ಎನ್ನುವುದು ನನ್ನ ಶರತ್ತು. ಮೊದಲು ಒಬ್ಬರು ಮುನಿಸಿಕೊಂಡರು, ಆಮೇಲೆ ಬಂದರು. ಅಪ್ಪಂದಿರ ಸರದಿಯ ದಿನ ಮಕ್ಕಳಿಗೆ ಮ್ಯಾಗಿ, ಕೇರಂ, ಸಂಜೆ ತನಕ ಟಿವಿ. ಮಕ್ಕಳಿಗೆ ಅದೇ ಇಷ್ಟ, ನಾವು ಏನೂ ಕೇಳುವುದಿಲ್ಲ. ಇವರ ಕೆಲಸದ ಕಡೆಯವರಿಗೂ ಜುಲೈ, ಆಗಸ್ಟ್‌ನಲ್ಲಿ ಒತ್ತಡ ಕಡಿಮೆ. ಹಾಗಾಗಿ ಮಳೆಗಾಲದ ರಜೆ ಇವರ ಲೆಕ್ಕಕ್ಕೆ, ಮಾರ್ಚಿನ ಮೊದಲ ಅರ್ಧ ನನ್ನ ಲೆಕ್ಕಕ್ಕೆ. ಕೊನೆಯ ಹತ್ತು ದಿನ ಇಬ್ಬರೂ ಇಲ್ಲ ಎಂದು ಮೊದಲೇ ಒಪ್ಪಿಕೊಂಡು ಟೀಚರಮ್ಮನವರಿಗೆ ಜನವರಿಯಲ್ಲೇ ಹೇಳಿಡುತ್ತೇವೆ.

ಈ ವರ್ಷ ನಾನು ಬಡ್ತಿಗೆ ಹೆಸರು ಕೊಟ್ಟಿದ್ದೇನೆ. ಕೊಡುವ ಮೊದಲು ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿದೆವು. ಬ್ಯಾಂಕು ಎಲ್ಲ ಊರಲ್ಲೂ ಇದೆ. ಕಾಫಿ ಕ್ಯೂರಿಂಗ್ ಇಲ್ಲ. ಕುಶಾಲನಗರ, ಹುಣಸೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಮಂಗಳೂರು, ಹೀಗೆ ಕೆಲವೇ ಊರು. ಎರಡು ಪಟ್ಟಿಯಲ್ಲೂ ಇರುವ ಊರುಗಳನ್ನು ಕೇಳಿಕೊಂಡು ಅರ್ಜಿ ಬರೆದೆ. ಹಾಸನ ಸಿಕ್ಕರೆ ವಾರಕ್ಕೊಮ್ಮೆ ಅರಕಲಗೂಡು ದಾರಿಯ ಬಸ್ಸಿನಲ್ಲಿ ಬರಬಹುದು, ಒಂದು ವರ್ಷದಲ್ಲಿ ಇವರೂ ಅಲ್ಲಿಗೆ ಕೆಲಸ ನೋಡಬಹುದು. ಕಲಬುರಗಿ ಸಿಕ್ಕರೆ ಏನು ಎಂದು ಕೇಳಿದೆ. "ನೀನು ಹೋಗು. ಇಲ್ಲಿದು ನಾನು ನೋಡ್ತೀನಿ. ಎರಡು ವರ್ಷ ತಾನೇ" ಎಂದರು. ಇದನ್ನು ಕೇಳಿದ ಸಂಬಂಧಿಕರು ಇವರನ್ನು ಪಾಪ ಎನ್ನುತ್ತಿದ್ದಾರೆ. ಸೇನೆಯಲ್ಲಿದ್ದ ನಮ್ಮ ದೊಡ್ಡ ಮಾವ ಹದಿನೈದು ವರ್ಷ ಹೊರಗಿದ್ದರು, ದೊಡ್ಡತ್ತೆಯನ್ನು ಯಾರೂ ಪಾಪ ಎಂದದ್ದು ನನಗೆ ನೆನಪಿಲ್ಲ.

ಅತ್ತೆಗೆ ವಿಷಯ ಹೇಳಿದಾಗ ಮೊದಲು ಕೇಳಿದ್ದು ಸಂಬಳ ಎಷ್ಟು ಜಾಸ್ತಿಯಾಗುತ್ತದೆ ಎಂದು. ಆಮೇಲೆ, "ಜೂನಿಂದ ಡಿಸೆಂಬರ್ ತನಕ ನಾನಿರ್ತೀನಿ. ಆಮೇಲೆ ಕುಯ್ಲು, ನನ್ನ ಕೇಳ್ಬೇಡಿ" ಎಂದರು. ಡಿಸೆಂಬರಿನಿಂದ ಆಚೆಗೆ ಏನು ಮಾಡುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ. ಟೀಚರಮ್ಮನವರನ್ನು ಕೇಳಬೇಕು. ಸೀಸನ್ ತಿಂಗಳಿಗೆ, ಅದೂ ರಾತ್ರಿ ಎಂಟರ ತನಕ ಅಂದರೆ ಫೀಸು ಜಾಸ್ತಿ ಹೇಳುತ್ತಾರೆ ಎಂದು ಇವರಿಗೆ ಅನುಮಾನ. ಹೇಳಲಿ, ಕೊಡೋಣ ಎಂದಿದ್ದೇನೆ.